ಯಹೂದಿ ಯಾರು ಅಂತ ಶಾಸ್ತ್ರವೇ ಹೇಳಬೇಕೆ?

1132ನೇ ಇಸವಿ, ಅಕ್ಟೋಬರ್ 17. ಮಂಗಳೂರಿನಲ್ಲಿ ಒಬ್ಬ ವ್ಯಾಪಾರಿ ಕೂತು ಒಂದು ಬಿಡುಗಡೆ ಪತ್ರ ಬರೆದ. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಈಗಿನ ಟ್ಯುನಿಸಿಯಾ ಕಡೆಯ ಯಹೂದಿ. ಯೆಮೆನ್‌ನ ಏಡನ್ ಬಂದರಿನಿಂದ ಕಡಲು ದಾಟಿ ನಮ್ಮ ಕರಾವಳಿಗೆ ಬಂದು ಮೆಣಸು, ಕಬ್ಬಿಣದ ವ್ಯಾಪಾರ ಮಾಡುತ್ತಿದ್ದ. ಲೋಹದ ಪಾತ್ರೆ ಮಾಡಿಸುವ ಕೆಲಸವೂ ಇತ್ತು. ಏಡನ್‌ನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸುತ್ತಿದ್ದರು. ಕರಗಿಸಿ ಹೊಸದು ಮಾಡಿಸಿಕೊಡು ಅಂತ ಬರೆಯುತ್ತಿದ್ದರು. ಅವನ ಕೈಕೆಳಗೆ ಓಡಾಡಿಕೊಂಡು ವ್ಯವಹಾರ ನೋಡುತ್ತಿದ್ದವನ ಹೆಸರು ಬೊಮ್ಮ. ಈಜಿಪ್ಟಿನಲ್ಲಿ ಸಿಕ್ಕ ಹಳೇ ಕಾಗದಗಳಲ್ಲಿ ಈ ಹೆಸರು ಇದೆ ಅಂತ ಓದಿದಾಗ, ನಮ್ಮೂರಿನವನೊಬ್ಬ ಎದುರಿಗೆ ಬಂದು ನಿಂತ ಹಾಗಾಯಿತು ನನಗೆ.

ಬಿಡುಗಡೆ ಪತ್ರ ಇದ್ದದ್ದು ಅಶು ಎಂಬ ಹೆಣ್ಣಿಗೆ. ಅವಳು ಬೆನ್ ಯಿಜು ಕೊಂಡುಕೊಂಡಿದ್ದ ದಾಸಿ. ಇವತ್ತಿನಿಂದ ನೀನು ಸ್ವತಂತ್ರಳು ಅಂತ ಅವಳಿಗೆ ಬರೆದುಕೊಟ್ಟ. ಬೆರಾಖಾ ಅಂತ ಹೊಸ ಹೆಸರಿಟ್ಟ. ಹೀಬ್ರೂವಿನಲ್ಲಿ ಹಾಗಂದರೆ ಆಶೀರ್ವಾದ. ಆಮೇಲೆ ಅವಳಲ್ಲಿ ಅವನಿಗೆ ಮಕ್ಕಳಾದರು.

ಈ ಪತ್ರ ಯಾಕೆ ಬೇಕಿತ್ತು? ಯಹೂದಿ ಶಾಸ್ತ್ರದ ಪ್ರಕಾರ ದಾಸಿಯ ಮಕ್ಕಳು ತಾಯಿಯ ಹಾಗೆಯೇ. ಅಪ್ಪ ಯಹೂದಿಯಾಗಿದ್ದರೆ ಸಾಲದು. ತಾಯಿ ಕ್ರಮಪ್ರಕಾರ ಬಿಡುಗಡೆಯಾಗಿ ಯಹೂದಿಯಾದರೆ ಮಾತ್ರ ಮುಂದೆ ಹುಟ್ಟುವ ಮಕ್ಕಳೂ ಯಹೂದಿಗಳು.

ಸುಮಾರು 900 ವರ್ಷ ಕಳೆದರೂ ಇದೇ ಪ್ರಶ್ನೆ ಇವತ್ತು ಇಸ್ರೇಲಿನ ನ್ಯಾಯಾಲಯಗಳಲ್ಲಿ, ಲಂಡನ್ನಿನ ಶಾಲೆಗಳಲ್ಲಿ, ಮಣಿಪುರದ ಹಳ್ಳಿಗಳಲ್ಲಿ ಸುತ್ತುತ್ತಿದೆ. ಯಹೂದಿ ತಾಯಿಗೆ ಹುಟ್ಟಿದವರು, ಇಲ್ಲವೇ ಶಾಸ್ತ್ರಪ್ರಕಾರ ಸೇರಿದವರು. ಇವರನ್ನು ಬಿಟ್ಟರೆ ಬೇರೆ ಯಾರೂ ಯಹೂದಿ ಅಲ್ಲ ಅನ್ನುವ ಹಳೇ ನಿಯಮವೇ ಕೊನೆಯ ಮಾತಾಗಬೇಕೆ? ಎರಡೂ ಕಡೆಯಿಂದ ಬರೆಯುತ್ತೇನೆ. ಎರಡನ್ನೂ ಮನಸಾರೆ ಬರೆದಿದ್ದೇನೆ. ಆದರೆ ನನ್ನ ಮನಸ್ಸು ಎರಡನೆಯ ಕಡೆ ವಾಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಪರ: ಹೌದು, ಶಾಸ್ತ್ರವೇ ಹೇಳಬೇಕು

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟರು. ಇಸ್ರೇಲ್ ದೇಶ ಹುಟ್ಟಿದ್ದು 1948ರಲ್ಲಿ. ನಡುವೆ 1,878 ವರ್ಷ. ರೋಮನ್ನರ ವಿರುದ್ಧ ನಡೆದ ಬಾರ್ ಕೊಖ್ಬಾ ದಂಗೆಯ ಮೂರು ವರ್ಷ ಬಿಟ್ಟರೆ ಈ ಕಾಲದಲ್ಲಿ ಆ ನಾಡಿನಲ್ಲಿ ಅವರದೇ ಆಳ್ವಿಕೆ ಇರಲಿಲ್ಲ. ಆಡುವ ಭಾಷೆಯೂ ಒಂದಾಗಿರಲಿಲ್ಲ. ಬಾಗ್ದಾದಿನಲ್ಲಿ ಅರಬ್ಬಿ, ಪೋಲೆಂಡಿನಲ್ಲಿ ಯಿಡ್ಡಿಷ್, ಸಲೋನಿಕಾದಲ್ಲಿ ಲಾದಿನೋ, ಕೊಂಕಣದಲ್ಲಿ ಮರಾಠಿ, ಕೊಚ್ಚಿಯಲ್ಲಿ ಮಲಯಾಳಂ. ಬಣ್ಣ ಬೇರೆ, ಊಟ ಬೇರೆ, ಹಾಡು ಬೇರೆ. ಇಷ್ಟಾದರೂ ಒಂದೇ ಜನ ಅಂತ ಉಳಿದರಲ್ಲ, ಹೇಗೆ?

ನಿಯಮದಿಂದ. ದೇವಾಲಯ ಹೋದ ಮೇಲೆ ಯೋಹಾನಾನ್ ಬೆನ್ ಝಕ್ಕಾಯ್ ಎಂಬ ಗುರು ಯಾವ್ನೆ ಎಂಬ ಊರಿನಲ್ಲಿ ಶಿಷ್ಯರನ್ನು ಕೂಡಿಸಿಕೊಂಡು ಪಾಠ ಶುರು ಮಾಡಿದರು. ಬಲಿಪೀಠ ಇಲ್ಲದಿದ್ದರೂ ನಡೆಯುವ ಹಾಗೆ ಬದುಕಿಗೆ ಒಂದು ಕಟ್ಟು ಹಾಕಿದರು. ಸುಮಾರು 200ರ ಹೊತ್ತಿಗೆ ಮಿಶ್ನಾ ಎಂಬ ಗ್ರಂಥ ಒಟ್ಟಾಯಿತು. ಮಗು ತಾಯಿಯ ಕಡೆಗೆ ಸೇರುತ್ತದೆ ಅನ್ನುವ ಮಾತು ಅಲ್ಲೇ ಇದೆ. ಅದನ್ನು ಹೊತ್ತುಕೊಂಡು ಹೋಗೋದು ಸುಲಭ. ಊರು ಸುಟ್ಟರೂ ಅದು ಸುಡುವುದಿಲ್ಲ.

ತಾಯಿಯ ಕಡೆ ಎಂಬ ಮಾತು ನಮ್ಮ ತುಳುನಾಡಿನವರಿಗೆ ವಿಚಿತ್ರ ಅನ್ನಿಸಬಾರದು. ಅಳಿಯಸಂತಾನದ ಮನೆಗಳಲ್ಲಿ ಬಳಿ, ಅಂದರೆ ಕುಲ, ಬರುವುದು ಅಮ್ಮನಿಂದಲೇ. ಮದುವೆ ಮಾತುಕತೆಗೆ ಕೂತರೆ ಹಿರಿಯರು ಮೊದಲು ಕೇಳುವುದು ಬಳಿ ಯಾವುದು ಅಂತ. ಅಪ್ಪ ಎಷ್ಟು ದೊಡ್ಡವನಾದರೂ ಅದು ಬದಲಾಗುವುದಿಲ್ಲ. ಹೆತ್ತವಳು ಯಾರು ಎಂಬುದರಲ್ಲಿ ಅನುಮಾನಕ್ಕೆ ಜಾಗ ಇಲ್ಲ. ಚದುರಿ ಹೋದ ಜನಕ್ಕೆ ಇದಕ್ಕಿಂತ ಗಟ್ಟಿ ಗುರುತು ಇನ್ನೇನಿದೆ?

ಹಾಗಾದರೆ ಇದು ರಕ್ತದ ಲೆಕ್ಕ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಯಾಕಂದರೆ ಇದೇ ಶಾಸ್ತ್ರ ಬಾಗಿಲನ್ನೂ ಇಟ್ಟಿದೆ. ಮೋವಾಬ್ಯರ ಹೆಣ್ಣು ರೂತ್ ಅತ್ತೆಯ ಕೈ ಬಿಡದೆ, ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು ಅಂದಳು. ಅವಳ ಮರಿಮಗನೇ ರಾಜ ದಾವೀದ. ಹನ್ನೆರಡನೇ ಶತಮಾನದಲ್ಲಿ ಓಬದ್ಯ ಎಂಬ ಮತಾಂತರಿ ಮಹಾಪಂಡಿತ ಮೈಮೊನಿಡಿಸ್ ಅವರಿಗೆ ಪತ್ರ ಬರೆದ. ಪ್ರಾರ್ಥನೆಯಲ್ಲಿ ‘ನಮ್ಮ ಪಿತೃಗಳ ದೇವರೇ’ ಅಂತ ಬರುತ್ತದೆ, ನನ್ನ ಪಿತೃಗಳು ಯಹೂದಿಗಳಲ್ಲ, ನಾನು ಹಾಗೆ ಹೇಳಬಹುದೇ ಅಂತ. ಧಾರಾಳವಾಗಿ ಹೇಳು, ಏನನ್ನೂ ಬದಲಿಸಬೇಡ, ಅಬ್ರಹಾಮನೇ ನಿನಗೂ ತಂದೆ ಅಂತ ಉತ್ತರ ಹೋಯಿತು. ಈ ಮೈಮೊನಿಡಿಸ್ ಅವರ ತಮ್ಮ ದಾವೀದ್ ವ್ಯಾಪಾರಕ್ಕೆ ಹೊರಟು ಹಿಂದೂ ಮಹಾಸಾಗರದಲ್ಲಿ ಹಡಗಿನ ಜೊತೆ ಮುಳುಗಿದ. ಬೆನ್ ಯಿಜು ದಾಟಿ ಬಂದದ್ದೂ ಅದೇ ಕಡಲನ್ನೇ.

ಒಳಗೆ ಬಂದವರನ್ನು ಶಾಸ್ತ್ರ ಹೊರಗೂ ಹಾಕುವುದಿಲ್ಲ. ಪಾಪ ಮಾಡಿದರೂ ಅವನು ಇಸ್ರೇಲನೇ ಅಂತ ತಾಲ್ಮುದ್ ಎಂಬ ಶಾಸ್ತ್ರಗ್ರಂಥ ಹೇಳುತ್ತದೆ. ಹನ್ನೊಂದನೇ ಶತಮಾನದ ರಾಶಿ ಎಂಬ ಗುರು ಈ ಮಾತನ್ನು ಮತ ಬಿಟ್ಟು ಹೋದವರಿಗೂ ಅನ್ವಯಿಸಿದರು. 1096ರಲ್ಲಿ ರೈನ್ ನದಿಯ ದಡದ ಊರುಗಳಲ್ಲಿ ಕತ್ತಿ ತೋರಿಸಿ ದೀಕ್ಷಾಸ್ನಾನ ಮಾಡಿಸಿದರಲ್ಲ, ಅವರೆಲ್ಲ ವಾಪಸ್ ಬರಲು ಇಂಥ ಮಾತೇ ದಾರಿ ಮಾಡಿಕೊಟ್ಟಿತು. 1656ರಲ್ಲಿ ಆಮ್ಸ್ಟರ್‌ಡ್ಯಾಮಿನ ಯಹೂದಿ ಸಭೆ ತತ್ವಜ್ಞಾನಿ ಸ್ಪಿನೋಝಾಗೆ ಬಹಿಷ್ಕಾರ ಹಾಕಿತು. ಯಾರೂ ಅವನ ಜೊತೆ ಮಾತಾಡಬಾರದು, ಹತ್ತಿರ ನಿಲ್ಲಬಾರದು ಅಂದಿತು. ಆದರೆ ಅವನು ಯಹೂದಿಯೇ ಅಲ್ಲ ಅನ್ನಲಿಲ್ಲ. ಹಾಗೆ ಅನ್ನುವ ಅಧಿಕಾರವೇ ಆ ಸಭೆಗೆ ಇರಲಿಲ್ಲ. ಬಹುಮತಕ್ಕೆ ಕಿತ್ತುಕೊಳ್ಳಲು ಬಾರದ ಗುರುತು ಅಂದರೆ ಇದು. ಮನುಷ್ಯನಿಗೆ ಇಂಥ ಭದ್ರತೆ ಎಲ್ಲಿ ಸಿಗುತ್ತದೆ ಹೇಳಿ.

ಈಗ ಹೊರಗಿನವರು ಈ ಪ್ರಶ್ನೆಗೆ ಉತ್ತರ ಬರೆದಾಗ ಏನಾಯಿತು ನೋಡೋಣ. ಹೃದಯ ಹಿಂಡುವ ಕಥೆ ಇದು.

ದೇವಾಲಯ ಸುಟ್ಟ ಮೇಲೆ ರೋಮ್ ಯಹೂದಿಗಳ ಮೇಲೆ ಒಂದು ತೆರಿಗೆ ಹಾಕಿತು. ಯಾರು ಕಟ್ಟಬೇಕು ಅಂತ ಗೊತ್ತಾಗಬೇಕಲ್ಲ? ಚಕ್ರವರ್ತಿ ಡೊಮಿಷಿಯನ್ ಕಾಲದಲ್ಲಿ ತೊಂಬತ್ತು ವರ್ಷದ ಮುದುಕನೊಬ್ಬನಿಗೆ ಸುನ್ನತಿ ಆಗಿದೆಯೇ ಅಂತ ತುಂಬಿದ ಸಭೆಯಲ್ಲಿ ಪರೀಕ್ಷೆ ಮಾಡಿದ್ದನ್ನು ಇತಿಹಾಸಕಾರ ಸ್ವೆಟೋನಿಯಸ್ ಕಣ್ಣಾರೆ ಕಂಡು ಬರೆದಿದ್ದಾನೆ. ಆ ಮುದುಕನನ್ನು ನೆನೆದುಕೊಂಡರೆ ಈಗಲೂ ನನ್ನ ತಲೆ ತಗ್ಗುತ್ತದೆ.

1449ರಲ್ಲಿ ಸ್ಪೇನಿನ ತೊಲೆದೋ ನಗರ ‘ರಕ್ತಶುದ್ಧಿ’ಯ ಕಟ್ಟಳೆ ತಂದಿತು. ಕ್ರೈಸ್ತನಾಗಿದ್ದರೂ ಸರಿ, ಯಹೂದಿ ಪೂರ್ವಜರಿದ್ದರೆ ಅಧಿಕಾರ ಇಲ್ಲ. 1492ರಲ್ಲಿ ಸ್ಪೇನ್ ಯಹೂದಿಗಳನ್ನೇ ಹೊರಹಾಕಿತು. 1497ರಲ್ಲಿ ಪೋರ್ಚುಗಲ್ ಎಲ್ಲರಿಗೂ ಬಲವಂತದ ದೀಕ್ಷೆ ಕೊಟ್ಟಿತು. ಆ ಬೆಂಕಿ ನಮ್ಮ ಪಕ್ಕದ ಗೋವಾಕ್ಕೂ ಬಂತು. ಅಲ್ಲಿ ಗಾರ್ಸಿಯಾ ದ ಓರ್ತಾ ಅಂತ ಒಬ್ಬ ದೊಡ್ಡ ವೈದ್ಯರಿದ್ದರು. ಹೀಗೆ ಮತಾಂತರವಾದ ಯಹೂದಿ ಮನೆತನದವರು. 1568ರಲ್ಲಿ ತೀರಿಕೊಂಡರು. ಮರುವರ್ಷ ಅವರ ತಂಗಿಯನ್ನು ಸುಟ್ಟರು. 1580ರಲ್ಲಿ ಓರ್ತಾ ಅವರ ಮೂಳೆಗಳನ್ನೇ ಗೋರಿಯಿಂದ ಅಗೆದು ತೆಗೆದು ಸುಟ್ಟರು.

ಕೊನೆಗೆ ನಾಜಿ ಜರ್ಮನಿಯ 1935ರ ನ್ಯೂರೆಂಬರ್ಗ್ ಕಾನೂನು. ಅಜ್ಜ ಅಜ್ಜಿಯರಲ್ಲಿ ಮೂವರು ಯಹೂದಿಗಳಾಗಿದ್ದರೆ ನೀನೂ ಯಹೂದಿ. ನೀನು ಏನು ನಂಬುತ್ತೀಯ, ಹೇಗೆ ಬದುಕುತ್ತೀಯ ಎಂಬುದು ಲೆಕ್ಕಕ್ಕಿಲ್ಲ. ಎಡಿತ್ ಸ್ಟೈನ್ ಕ್ರೈಸ್ತ ಸನ್ಯಾಸಿನಿಯಾಗಿದ್ದರು. 1942ರ ಆಗಸ್ಟಿನಲ್ಲಿ ಅವರನ್ನು ನಾಜಿಗಳ ಆಶ್ವಿಟ್ಝ್ ಶಿಬಿರದಲ್ಲಿ ಕೊಂದರು.

ಹಾಗಾಗಿ ಯಹೂದಿ ಯಾರು ಎಂಬ ಮಾತು ಯಹೂದಿಗಳ ಕೈಯಲ್ಲೇ, ಅವರ ಹಳೇ ಶಾಸ್ತ್ರದಲ್ಲೇ ಇರಲಿ. ಸರ್ಕಾರಗಳು ಬರುತ್ತವೆ, ಹೋಗುತ್ತವೆ. ಶಾಸ್ತ್ರ ಎಲ್ಲ ಊರಲ್ಲೂ ಒಂದೇ ಆಗಿರಬೇಕು. ಅಮೆರಿಕದ ಸುಧಾರಣಾವಾದಿ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, 1983ರಲ್ಲಿ, ಅಪ್ಪ ಮಾತ್ರ ಯಹೂದಿಯಾಗಿದ್ದು ಮಗುವನ್ನು ಯಹೂದಿಯಾಗಿ ಬೆಳೆಸಿದರೆ ಸಾಕು ಅಂದರು. ಆಗ ಏನಾಯಿತು? ನ್ಯೂಯಾರ್ಕಿನ ಒಂದು ಪ್ರಾರ್ಥನಾ ಮಂದಿರದಲ್ಲಿ ಯಹೂದಿಯಾದ ಮಗು ಅದೇ ಬೀದಿಯ ಇನ್ನೊಂದು ಮಂದಿರದಲ್ಲಿ ಯಹೂದಿ ಅಲ್ಲ. ಬೆಳೆದು ಮದುವೆ ವಯಸ್ಸಿಗೆ ಬಂದಾಗ ಆ ಹುಡುಗಿಗೆ ಇದು ಗೊತ್ತಾದರೆ ಅವಳಿಗೆ ಎಷ್ಟು ನೋವು! ಬೆನ್ ಯಿಜುವಿನ ಮಗಳು ಸಿತ್ತ್ ಅಲ್-ದಾರ್ ಹುಟ್ಟಿದ್ದು ಇಂಡಿಯಾದಲ್ಲಿ, ಮದುವೆಯಾದದ್ದು 1156ರಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ. ವರ ಅಪ್ಪನ ಅಣ್ಣತಮ್ಮಂದಿರ ಮಗ. ಮಂಗಳೂರಿನಲ್ಲಿ ಬರೆದ ಕಾಗದಕ್ಕೆ ಫುಸ್ತಾತ್‌ನಲ್ಲೂ ಬೆಲೆ ಇತ್ತು. ಎರಡೂ ಊರಲ್ಲಿ ನಿಯಮ ಒಂದೇ ಆಗಿತ್ತಲ್ಲ.

ಇನ್ನೊಂದು ಮಾತು. ಶಾಸ್ತ್ರ ಕಟು, ಇಂದಿನ ಮನಸ್ಸು ಉದಾರ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಓಸ್ವಾಲ್ಡ್ ರುಫೈಸೆನ್ ಕಥೆ ನೋಡಿ. ಪೋಲೆಂಡಿನ ಯಹೂದಿ. 1942ರಲ್ಲಿ ಮೀರ್ ಎಂಬ ಊರಿನಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋಗೆ ಗುಟ್ಟಾಗಿ ಸುದ್ದಿ ಕೊಟ್ಟು ನೂರಾರು ಯಹೂದಿಗಳು ಕಾಡಿಗೆ ತಪ್ಪಿಸಿಕೊಳ್ಳುವಂತೆ ಮಾಡಿದರು. ಆಮೇಲೆ ಒಂದು ಕ್ರೈಸ್ತ ಮಠದಲ್ಲಿ ಅಡಗಿದ್ದಾಗ ಕ್ರೈಸ್ತರಾದರು. ಬ್ರದರ್ ಡೇನಿಯಲ್ ಅಂತ ಸನ್ಯಾಸಿಯಾದರು. ಆದರೂ ನಾನು ಯಹೂದಿಯೇ ಅಂತ ಇಸ್ರೇಲಿಗೆ ಬಂದು, ಯಹೂದಿಗಳಿಗೆ ಆ ದೇಶ ಕೊಡುವ ‘ಮರಳುವ ಹಕ್ಕಿನ’ ಪ್ರಕಾರ ಪೌರತ್ವ ಕೇಳಿದರು. 1962ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಏನಂದರೆ, ಶಾಸ್ತ್ರ ಕೇಳಿದರೆ ಅವರು ಯಹೂದಿಯೇ. ಅಲ್ಲ ಅಂದದ್ದು ಜನಸಾಮಾನ್ಯರ ತಿಳಿವಳಿಕೆಯನ್ನು ಆಧಾರ ಮಾಡಿಕೊಂಡ ನ್ಯಾಯಾಧೀಶರು.

ವಿರೋಧ: ಬೇಡ, ಬದುಕಿದವರ ಮಾತನ್ನು ನಂಬಬೇಕು

ಮಲೀದಾ ಅಂತ ಒಂದು ನೈವೇದ್ಯ ಇದೆ. ಅವಲಕ್ಕಿ ನೆನೆಸಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ ಹಾಕಿ ಕಲಸುತ್ತಾರೆ. ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕಿ ಸುತ್ತ ಹಣ್ಣು ಜೋಡಿಸುತ್ತಾರೆ. ನಮ್ಮ ಕರಾವಳಿಯ ಯಾವ ಮನೆಯಲ್ಲಾದರೂ ಇದನ್ನು ಇಟ್ಟರೆ ಪ್ರಸಾದ ಅಂತ ಕೈ ಒಡ್ಡುತ್ತೇವೆ. ಆದರೆ ಇದು ಪ್ರವಾದಿ ಎಲೀಯನಿಗೆ, ಅವರ ಮಾತಿನಲ್ಲಿ ಎಲಿಯಾಹು ಹನ್ನಬಿಗೆ, ಇಡುವ ತಟ್ಟೆ. ಮಾಡುವವರು ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು.

ಇವರ ಹಿರಿಯರು ಹೇಳಿಕೊಂಡು ಬಂದದ್ದು ಹೀಗೆ. ಅಲಿಬಾಗ್ ಹತ್ತಿರ ನವಗಾಂವ್ ಕಡಲ ತೀರದಲ್ಲಿ ಹಡಗು ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ಉಳಿದರು. ಪುಸ್ತಕ, ಗ್ರಂಥ ಎಲ್ಲ ನೀರುಪಾಲು. ಉಳಿದದ್ದು ನೆನಪಿನಲ್ಲಿ ಇದ್ದಷ್ಟೇ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ಹಾಕಿ ಬದುಕಿದರು. ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಅಕ್ಕಪಕ್ಕದವರು ಅವರನ್ನು ಶನಿವಾರ ತೇಲಿ ಅಂದರು. ಶನಿವಾರದ ಗಾಣಿಗರು. ಗಂಡುಮಗುವಿಗೆ ಎಂಟನೇ ದಿನ ಸುನ್ನತಿ. ಪೊರೆ, ರೆಕ್ಕೆ ಎರಡೂ ಇದ್ದ ಮೀನು ಮಾತ್ರ ಊಟಕ್ಕೆ. ‘ಶೆಮಾ ಇಸ್ರೇಲ್’ ಎಂಬ ಒಂದೇ ಪ್ರಾರ್ಥನೆ ಬಾಯಲ್ಲಿ ಉಳಿದಿತ್ತು, ಸಾವಿಗೂ ಅದೇ, ಮದುವೆಗೂ ಅದೇ. ರಬ್ಬಿ ಇಲ್ಲ, ಶಾಸ್ತ್ರಗ್ರಂಥ ಇಲ್ಲ, ಹೊರಗಿನ ಯಹೂದಿಗಳ ಸಂಪರ್ಕ ಇಲ್ಲ. ಶತಮಾನಗಳ ಕಾಲ ಹೀಗೇ ನಡೆಸಿಕೊಂಡು ಬಂದರು.

ಇವರ ಕಥೆಯಲ್ಲಿ ನಮ್ಮ ಮೈಸೂರು ಸೀಮೆಯೂ ಬರುತ್ತದೆ. ಬ್ರಿಟಿಷರ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್ ಎಂಬ ಬೆನೆ ಇಸ್ರೇಲ್ ಅಧಿಕಾರಿ ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕರು. ನೀವು ಯಾವ ಜನ ಅಂತ ಕೇಳಿದಾಗ ಬೆನೆ ಇಸ್ರೇಲ್ ಅಂದರಂತೆ. ಕುರಾನಿನಲ್ಲಿ ಬರುವ ಹೆಸರು ಅದು, ಇವರನ್ನು ಉಳಿಸು ಅಂತ ಟಿಪ್ಪುವಿನ ತಾಯಿ ಕೇಳಿಕೊಂಡರು ಎಂಬುದು ಆ ಸಮುದಾಯ ಇಂದಿಗೂ ಹೇಳುವ ಕಥೆ. ದಿವೇಕರ್ ಬದುಕಿ ಮುಂಬೈಗೆ ಹಿಂತಿರುಗಿ 1796ರಲ್ಲಿ ಅಲ್ಲಿನ ಮೊದಲ ಯಹೂದಿ ಪ್ರಾರ್ಥನಾ ಮಂದಿರ ಕಟ್ಟಿಸಿದರು. ಅದರ ಹೆಸರಿಗೆ ಕರುಣೆಯ ಬಾಗಿಲು ಅಂತ ಅರ್ಥ.

ಶ್ರೀರಂಗಪಟ್ಟಣದ ಸೆರೆಯ ಕಥೆಯಲ್ಲಿ ಅವರು ಹೇಳಿದ ಒಂದು ಮಾತು ಸಾಕಾಯಿತು. ಜೆರುಸಲೇಮಿನಲ್ಲಿ ಸಾಕಾಗಲಿಲ್ಲ.

ಇಸ್ರೇಲ್ ಹುಟ್ಟಿದ ಮೇಲೆ ಬೆನೆ ಇಸ್ರೇಲರು ಸಾವಿರಾರು ಮಂದಿ ಅಲ್ಲಿಗೆ ಹೋದರು. ಮದುವೆ ಅಲ್ಲಿ ರಬ್ಬಿಗಳ ಕೈಯಲ್ಲಿದೆ. 1962ರಲ್ಲಿ ಮುಖ್ಯ ರಬ್ಬಿಗಳ ಕಚೇರಿಯಿಂದ ಒಂದು ಸೂಚನೆ ಹೊರಟಿತು. ಬೆನೆ ಇಸ್ರೇಲರು ಬೇರೆ ಯಹೂದಿಗಳನ್ನು ಮದುವೆಯಾಗಲು ಬಂದರೆ ಅವರ ತಾಯಿ, ಅಜ್ಜಿ, ಅದರ ಹಿಂದಿನವರು, ಎಷ್ಟು ತಲೆಮಾರು ಸಾಧ್ಯವೋ ಅಷ್ಟನ್ನೂ ವಿಚಾರಿಸಬೇಕು ಅಂತ. ಕೊಂಕಣದ ಹಳ್ಳಿಯ ಗಾಣಿಗರ ಮನೆಯ ಹುಡುಗಿ ಮುತ್ತಜ್ಜಿಯ ಅಮ್ಮನ ಮದುವೆಯ ಕಾಗದ ಎಲ್ಲಿಂದ ತರಬೇಕು? ಅಂಥ ಕಾಗದ ನಮ್ಮ ನಿಮ್ಮ ಮನೆಯಲ್ಲಿ ಇದೆಯಾ? ಬಾಗ್ದಾದಿನಿಂದಲೋ ಬರ್ಲಿನ್ನಿನಿಂದಲೋ ಬಂದವರನ್ನು ಹೆಸರು ಹಿಡಿದು ಹೀಗೆ ಕೇಳಲಿಲ್ಲ. ಇವರನ್ನು ಮಾತ್ರ ಕೇಳಿದರು.

ಬೆನೆ ಇಸ್ರೇಲರು ಸುಮ್ಮನಿರಲಿಲ್ಲ. 1964ರಲ್ಲಿ ಜೆರುಸಲೇಮಿನಲ್ಲಿ ಧರಣಿ ಕೂತರು. ನಾವು ಯಹೂದಿಗಳು ಅಂತ ಯಾರಿಗೂ ಸಾಬೀತು ಮಾಡಬೇಕಾಗಿಲ್ಲ ಅನ್ನುವುದು ಅವರ ನಿಲುವು. ಆ ಆಗಸ್ಟಿನಲ್ಲಿ ಇಸ್ರೇಲಿನ ಸಂಸತ್ತು, ಬೆನೆ ಇಸ್ರೇಲರು ಎಲ್ಲ ರೀತಿಯಿಂದಲೂ ಯಹೂದಿಗಳು, ಬೇರೆಯವರಿಗಿರುವ ಎಲ್ಲ ಹಕ್ಕೂ ಇವರಿಗಿದೆ ಅಂತ ಘೋಷಿಸಿತು. ರಬ್ಬಿಗಳು ಸೂಚನೆಯಿಂದ ಬೆನೆ ಇಸ್ರೇಲ್ ಎಂಬ ಹೆಸರು ತೆಗೆದರು.

ಶಾಸ್ತ್ರ ಹೊತ್ತುಕೊಂಡು ಹೋಗಲು ಸುಲಭ ಅಂತ ಪರದ ವಾದ ಹೇಳಿತು. ಅದು ನಿಜ, ಶಾಸ್ತ್ರ ಇದ್ದವರಿಗೆ. ಇವರ ಹತ್ತಿರ ಶಾಸ್ತ್ರವೇ ಇರಲಿಲ್ಲ. ಆದರೂ ಉಳಿದರು. ಶನಿವಾರದ ಆ ನಿಂತ ಗಾಣ ಇದೆಯಲ್ಲ, ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಕಾಣುವುದಿಲ್ಲ.

ಇನ್ನು ನಿಯಮ ಎಷ್ಟು ಹಳೆಯದು ಎಂಬ ಪ್ರಶ್ನೆ. ಬೈಬಲಿನ ಹಳೇ ಕಥೆಗಳಲ್ಲಿ ವಂಶ ನಡೆಯುವುದು ಅಪ್ಪನಿಂದ. ಯೋಸೇಫನ ಹೆಂಡತಿ ಈಜಿಪ್ಟಿನ ಪೂಜಾರಿಯ ಮಗಳು. ಮೋಶೆಯ ಹೆಂಡತಿ ಮಿದ್ಯಾನಿನ ಪೂಜಾರಿಯ ಮಗಳು. ಅವರ ಮಕ್ಕಳನ್ನು ನೀವು ಯಾರು ಅಂತ ಯಾರೂ ಕೇಳಲಿಲ್ಲ. ಇಂದಿಗೂ ಪುರೋಹಿತ ಮನೆತನ ಬರುವುದು ತಂದೆಯಿಂದಲೇ. ಬಾಬಿಲೋನಿಯಾದ ಸೆರೆಯಿಂದ ಜನ ಮರಳಿದ ನಂತರದ ಕಾಲದಲ್ಲಿ ಎಜ್ರ ಎಂಬ ನಾಯಕ ಹೊರಗಿನ ಹೆಂಡಂದಿರನ್ನೂ ಅವರ ಮಕ್ಕಳನ್ನೂ ಕಳಿಸಿಬಿಡಿ ಅಂದ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಯೋಹಾನ ಹಿರ್ಕಾನಸ್ ಎಂಬ ದೊರೆ ತಿರುವುಮುರುವಾಗಿ ನಡೆದುಕೊಂಡ. ಪಕ್ಕದ ಇದೂಮ್ಯರನ್ನು ಊರಿಗೆ ಊರೇ ಯಹೂದಿಗಳನ್ನಾಗಿ ಮಾಡಿದ. ಆ ಇದೂಮ್ಯರ ವಂಶದ ಹೆರೋದನೇ ಮುಂದೆ ಜೆರುಸಲೇಮಿನ ದೇವಾಲಯವನ್ನು ವೈಭವದಿಂದ ಕಟ್ಟಿಸಿದ್ದು. ಯಹೂದಿ ಎಂಬ ಹೆಸರೂ ಮೊದಲಿಗೆ ಯೆಹೂದ ಎಂಬ ನಾಡಿನವರಿಗೆ ಇದ್ದದ್ದು. ಎಸ್ತೇರಳ ಕಥೆಯ ಮೊರ್ದೆಕೈ ಬೆನ್ಯಾಮೀನ ಕುಲದವನು, ಆದರೂ ಅವನನ್ನು ಯಹೂದಿ ಅನ್ನುತ್ತಾರೆ. ನಾಡಿನ ಹೆಸರು ಜನದ ಹೆಸರಾಯಿತು, ಜನದ ಹೆಸರು ಧರ್ಮದ ಹೆಸರಾಯಿತು. ಇಷ್ಟು ಬದಲಾದದ್ದರ ನಡುವೆ ಒಂದು ಕಾಲದ ಒಂದು ನಿಯಮವನ್ನು ಹಿಡಿದು, ಇದು ಮಾತ್ರ ಶಾಶ್ವತ ಅನ್ನುವುದು ಸರಿಯೇ?

ಬಾಗಿಲು ಇದೆ ಅಂತಲೂ ಪರದ ವಾದ ಹೇಳಿತು. ಕೊಚ್ಚಿಗೆ ಹೋಗಿ ನೋಡೋಣ. ಹೊರನಾಡಿನಿಂದ ಬಂದ ಯಹೂದಿಗಳು 1568ರಲ್ಲಿ ಕಟ್ಟಿದ ಪರದೇಶಿ ಮಂದಿರ ಮಟ್ಟಾಂಚೇರಿಯಲ್ಲಿ ಇವತ್ತಿಗೂ ಇದೆ. ನೆಲಕ್ಕೆ ಚೀನಾದ ನೀಲಿ ಹೆಂಚು, ಮೇಲೆ ಗಾಜಿನ ದೀಪಗಳು. ಈ ಮಂದಿರದ ಜನರಲ್ಲೇ ಮೆಶುಹ್ರರಿಂ ಎಂಬ ಒಂದು ಗುಂಪಿತ್ತು. ಆ ಮಾತಿನ ಅರ್ಥವೇ ಬಿಡುಗಡೆಯಾದವರು. ದಾಸಿಯರಾಗಿದ್ದು ಶಾಸ್ತ್ರಪ್ರಕಾರ ಯಹೂದಿಗಳಾದವರು, ಅವರ ಮಕ್ಕಳು, ಮೊಮ್ಮಕ್ಕಳು. ಅಂದರೆ ಅಶುವಿನ ಹಾಗೆಯೇ ಸೇರಿದವರು. ಅವರಿಗೆ ಒಳಗಿನ ಬೆಂಚುಗಳ ಮೇಲೆ ಜಾಗ ಇರಲಿಲ್ಲ. ಗ್ರಂಥ ಓದಲು ಕರೆಯುತ್ತಿರಲಿಲ್ಲ. ಪರದೇಶಿ ಮನೆಗಳ ಜೊತೆ ಮದುವೆ ಇಲ್ಲ. ಶಾಸ್ತ್ರ ಅವರನ್ನು ಪೂರ್ತಿ ಯಹೂದಿ ಅನ್ನುತ್ತಿತ್ತು. ಶಾಸ್ತ್ರ ಹಿಡಿದು ಕೂತವರು ಅನ್ನಲಿಲ್ಲ.

ಅದೇ ಗುಂಪಿನಲ್ಲಿ 1882ರಲ್ಲಿ ಹುಟ್ಟಿದ ಎ. ಬಿ. ಸೇಲಂ ವಕೀಲರಾದರು, ರಾಷ್ಟ್ರೀಯ ಚಳವಳಿಗೆ ಇಳಿದರು. ಗಾಂಧಿಯಿಂದ ಕಲಿತ ಸತ್ಯಾಗ್ರಹವನ್ನು ತಮ್ಮದೇ ಮಂದಿರದೊಳಗೆ ನಡೆಸಿದರು. ಜನ ಅವರನ್ನು ಯಹೂದಿ ಗಾಂಧಿ ಅಂದರು. ಒಂದೊಂದಾಗಿ ಕಟ್ಟುಪಾಡು ಸಡಿಲವಾಯಿತು. ಅಪ್ಪ, ಅಜ್ಜ ಇಲ್ಲದ ಜಾಗದಲ್ಲಿ ಬೆಂಚಿನ ಮೇಲೆ ಹೋಗಿ ಕೂರುವುದು ಎಷ್ಟು ಕಷ್ಟದ ಕೆಲಸ ಅಂತ ದೇವಸ್ಥಾನ ಪ್ರವೇಶದ ಚರಿತ್ರೆ ಗೊತ್ತಿರುವ ನಮಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ನ್ಯೂರೆಂಬರ್ಗ್ ಮಾತು. ಹೊರಗಿನವರ ಕೈಗೆ ವ್ಯಾಖ್ಯೆ ಕೊಡಬಾರದು ಅನ್ನುವುದು ನೂರಕ್ಕೆ ನೂರು ಸರಿ. ಆದರೆ ಆ ಅನ್ಯಾಯ ಉಂಡವರ ಪಾಡು ಏನಾಯಿತು? ಇಸ್ರೇಲ್ 1970ರಲ್ಲಿ ಮರಳುವ ಹಕ್ಕಿನ ಕಾನೂನು ತಿದ್ದಿತು. ಒಬ್ಬ ಅಜ್ಜನೋ ಅಜ್ಜಿಯೋ ಯಹೂದಿಯಾಗಿದ್ದರೆ ಸಾಕು, ಬರಬಹುದು. ಅದೇ ತಿದ್ದುಪಡಿಯಲ್ಲಿ ಯಹೂದಿ ಅಂದರೆ ಯಹೂದಿ ತಾಯಿಗೆ ಹುಟ್ಟಿದವರು ಇಲ್ಲವೇ ಮತಾಂತರವಾದವರು, ಬೇರೆ ಧರ್ಮಕ್ಕೆ ಸೇರದವರು ಅಂತಲೂ ಬರೆಯಿತು. ಒಂದು ಬಾಗಿಲು ದೊಡ್ಡದು, ಇನ್ನೊಂದು ಚಿಕ್ಕದು.

1989ರ ನಂತರ ಸೋವಿಯತ್ ದೇಶಗಳಿಂದ ಸುಮಾರು ಹತ್ತು ಲಕ್ಷ ಜನ ಬಂದರು. ಸೋವಿಯತ್ ಗುರುತುಪತ್ರದ ಐದನೇ ಸಾಲಿನಲ್ಲಿ ಜನಾಂಗ ಬರೆಯುತ್ತಿದ್ದರು. ಅಪ್ಪ ಮಾತ್ರ ಯಹೂದಿಯಾದರೂ ಅಲ್ಲಿ ಎಷ್ಟೋ ಜನ ಯಹೂದಿ ಅನ್ನಿಸಿಕೊಳ್ಳುತ್ತಿದ್ದರು. ಹೆಸರು ಕೇಳಿದರೆ ಸಾಕು, ಕಾಲೇಜಿನ ಸೀಟು, ಕೆಲಸ ಕೈತಪ್ಪುತ್ತಿತ್ತು. ಹೀಗೆ ಅಲ್ಲಿ ಯಹೂದಿ ಅಂತ ಬೈಸಿಕೊಂಡವರು ಇಲ್ಲಿಗೆ ಬಂದ ಮೇಲೆ ನೀವು ಯಹೂದಿ ಅಲ್ಲ ಅನ್ನಿಸಿಕೊಂಡರು, ಅಮ್ಮ ರಷ್ಯನ್ ಎಂಬ ಕಾರಣಕ್ಕೆ. ತೆರಿಗೆ ಕಟ್ಟುತ್ತಾರೆ, ಸೈನ್ಯಕ್ಕೆ ಸೇರುತ್ತಾರೆ, ಹೀಬ್ರೂವಿನಲ್ಲೇ ಮಕ್ಕಳಿಗೆ ಜೋಗುಳ ಹಾಡುತ್ತಾರೆ. ಯಹೂದಿಯನ್ನು ಮದುವೆಯಾಗಬೇಕು ಅಂದರೆ ರಬ್ಬಿಗಳು ಮಾಡಿಸುವುದಿಲ್ಲ, ಎಷ್ಟೋ ಜನ ಸೈಪ್ರಸ್‌ಗೆ ಹೋಗಿ ಸಹಿ ಹಾಕಿ ಬರುತ್ತಾರೆ.

ಇಥಿಯೋಪಿಯಾದ ಬೇಟಾ ಇಸ್ರೇಲರದ್ದೂ ಇದೇ ದುಃಖ. 1973ರಲ್ಲಿ ರಬ್ಬಿ ಒವಾಡಿಯಾ ಯೋಸೆಫ್ ಅವರು ಇವರು ಯಹೂದಿಗಳೇ ಅಂದರು. 1984ರಲ್ಲಿ ಇಸ್ರೇಲಿಗೆ ಹೊರಟು ಸುಡಾನಿನ ಮರುಭೂಮಿ ದಾಟುವಾಗ ಎಷ್ಟೋ ಜನ ದಾರಿಯಲ್ಲೇ ಸತ್ತರು. ಬದು­ಕಿ ಬಂದವರಿಗೆ, ಅನುಮಾನ ಕಳೆಯಲು ಮುಳುಗುಸ್ನಾನ ಮಾಡಿ ಅಂದರು ರಬ್ಬಿಗಳು. ಅವರು ಬೀದಿಗಿಳಿದರು. ಜೆರುಸಲೇಮಿನ ಹೆಸರು ಹೇಳಿಕೊಂಡು ಮರುಭೂಮಿ ದಾಟಿದವರಿಗೆ ಇನ್ನೊಂದು ಪರೀಕ್ಷೆ ಬೇಕಿತ್ತಾ?

ಬ್ರದರ್ ಡೇನಿಯಲ್ ಉದಾಹರಣೆ ಪರದವರಿಗೆ ಬಲ ಕೊಡುತ್ತದೆ ಅಂತ ನನಗೂ ಮೊದಲು ಅನ್ನಿಸಿತ್ತು. ಯೋಚಿಸಿದ ಮೇಲೆ ಹಾಗೆ ಕಾಣಲಿಲ್ಲ. ಯಾರು ನಮ್ಮವರು ಎಂಬುದರ ಬಗ್ಗೆ ಬದುಕುವ ಜನಕ್ಕೆ ಶಾಸ್ತ್ರಕ್ಕಿಂತ ಬೇರೆಯದೇ ಆದ ಒಂದು ತಿಳಿವಳಿಕೆ ಇದೆ ಎಂದು ಆ ತೀರ್ಪು ಒಪ್ಪಿಕೊಂಡಿತು. ಅದು ಕೆಲವೊಮ್ಮೆ ಶಾಸ್ತ್ರಕ್ಕಿಂತ ಬಿಗಿ, ಹೆಚ್ಚಿನ ಸಲ ಶಾಸ್ತ್ರಕ್ಕಿಂತ ಸಡಿಲ. ತಪ್ಪು ಮಾಡಿದರೆ ತಿದ್ದಿಕೊಳ್ಳಲು ಅದಕ್ಕೆ ಬರುತ್ತದೆ. ಕೊಂಕಣದವರು ಧರಣಿ ಕೂತಾಗ ತಿದ್ದಿಕೊಂಡಿತಲ್ಲ. ರಬ್ಬಿಗಳು ತಮ್ಮ ಮಂದಿರದ ಕ್ರಮ ತಾವು ನಡೆಸಲಿ, ಅದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ದೇಶದ ಕಾನೂನು, ಮದುವೆಯ ನೋಂದಣಿ, ಸ್ಮಶಾನದ ಆರಡಿ ಜಾಗ ಇವುಗಳ ಬೀಗದ ಕೈ ಅವರ ಹತ್ತಿರ ಇರಬಾರದು. ರೂತಳನ್ನು ಕೇಳಿದವರು ಯಾರು? ಅವಳು ಹೇಳಿದ್ದನ್ನು ಅತ್ತೆ ನೊವೊಮಿ ಕೇಳಿಸಿಕೊಂಡಳು, ಇಬ್ಬರೂ ಬೆತ್ಲೆಹೇಮಿನ ಕಡೆ ನಡೆದರು. ಅಲ್ಲಿ ರಬ್ಬಿ ಇರಲಿಲ್ಲ, ಕಾಗದ ಇರಲಿಲ್ಲ.

ಮಂಗಳೂರಿನ ಆ ಪತ್ರದಲ್ಲಿ ಅಶುವಿನ ಮಾತು ಒಂದೂ ಇಲ್ಲ. ಬರೆದವನು ಅವನು, ಹೆಸರಿಟ್ಟವನು ಅವನು. ಅವಳು ಶುಕ್ರವಾರ ಸಂಜೆ ಯಾವ ಎಣ್ಣೆಯಲ್ಲಿ ದೀಪ ಹಚ್ಚಿದಳು, ಮಕ್ಕಳನ್ನು ಮಲಗಿಸುವಾಗ ಯಾವ ಭಾಷೆಯಲ್ಲಿ ಹಾಡಿದಳು, ಇವೆಲ್ಲ ಕಾಗದಕ್ಕೆ ಬರಲಿಲ್ಲ. ಆ ಮಕ್ಕಳನ್ನು ಯಹೂದಿಗಳಾಗಿ ಬೆಳೆಸಿದ್ದರಲ್ಲಿ ಆ ಪತ್ರದಷ್ಟೇ ಪಾಲು ಆ ದೀಪಕ್ಕೂ ಇದೆ ಅಂತ ನಾನು ನಂಬುತ್ತೇನೆ.

ಈಗ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ಇರುವುದು ಇಸ್ರೇಲಿನಲ್ಲಿ. ಅಶ್ದೋದ್, ಬೇರ್‌ಶೆವಾ, ದಿಮೋನಾದಂಥ ಊರುಗಳಲ್ಲಿ. ಮನೆಯಲ್ಲಿ ಮದುವೆ ಗೊತ್ತಾದರೆ, ಮಗ ಸೈನ್ಯದಿಂದ ಕ್ಷೇಮವಾಗಿ ಬಂದರೆ, ಹರಕೆ ತೀರಿದರೆ ಇಂದಿಗೂ ಮಲೀದಾ ಮಾಡುತ್ತಾರೆ. ಅಂಗಡಿಯಿಂದ ಅವಲಕ್ಕಿ ತಂದು ನೆನೆಸುತ್ತಾರೆ. ತೆಂಗಿನಕಾಯಿ ತುರಿಯುತ್ತಾರೆ. ತಟ್ಟೆಯ ಸುತ್ತ ಎಲ್ಲರೂ ಕೂತ ಮೇಲೆ ಹಿರಿಯರೊಬ್ಬರು ಎಲಿಯಾಹು ಹನ್ನಬಿ ಅಂತ ಹಾಡು ಎತ್ತಿಕೊಳ್ಳುತ್ತಾರೆ.